ಅಣ್ಣಾವ್ರು ದಪ್ಪ ಆಗಿದ್ದು ಯಾವಾಗ?

ಹಳೆಯ ಕನ್ನಡ ಸಿನಿಮಾಗಳನ್ನು ಮನೆಯ ದೊಡ್ಡ ಟಿವಿಯಲ್ಲಿ ನೋಡುವವರಿಗೆ ಒಂದು ಪ್ರಶ್ನೆ. ರಾಜ್‌ಕುಮಾರ್ ನಿಮಗೆ ಸ್ವಲ್ಪ ದಪ್ಪ ಕಾಣಿಸ್ತಿದ್ದಾರಾ? ಕಲ್ಪನಾ ಮುಖ ಅಗಲ, ಕತ್ತು ಗಿಡ್ಡ ಅನ್ನಿಸ್ತಿದೆಯಾ? ಕಾರಿನ ಚಕ್ರ ಮೊಟ್ಟೆ ಥರ ಉರುಳ್ತಿದೆಯಾ? ಹಾಗಿದ್ದರೆ ತೊಂದರೆ ನಿಮ್ಮ ಕಣ್ಣಿಗಾಗಲಿ ಅಣ್ಣಾವ್ರಿಗಾಗಲಿ ಬಂದಿದ್ದಲ್ಲ. ನೀವು ನೋಡ್ತಿರೋದು ಎರಡು ಕಡೆಯಿಂದ ಜಗ್ಗಿ ಕಟ್ಟಿದ ಸಿನಿಮಾ. ಲೆಕ್ಕದಲ್ಲೇ ಹೇಳೋದಾದ್ರೆ, 4:3 ಆಕಾರದ ಚಿತ್ರವನ್ನು 16:9 ಪರದೆಗೆ ಎಳೆದಾಗ ಪ್ರತಿಯೊಂದು ವಸ್ತುವೂ ಮೂರನೇ ಒಂದರಷ್ಟು ಅಗಲ ಆಗುತ್ತೆ. ಮನುಷ್ಯರಿಗೂ ಇದರಿಂದ ವಿನಾಯಿತಿ ಇಲ್ಲ.

ನಾವು ಸಿನಿಮಾ ವಿಮರ್ಶೆ ಅಂತ ಬರೆಯುವಾಗ ಕತೆ ಬಗ್ಗೆ ಬರೀತೀವಿ, ನಟನೆ ಬಗ್ಗೆ ಬರೀತೀವಿ, ಹಾಡು, ಸಂಭಾಷಣೆ, ಜಾತಿ, ಲಿಂಗ, ರಾಜಕೀಯ ಎಲ್ಲದರ ಬಗ್ಗೆಯೂ ಬರೀತೀವಿ. ಚಿತ್ರದ ಆಕಾರದ ಬಗ್ಗೆ ಬರೆಯೋದು ಕಡಿಮೆ. ಅದು ಟಿವಿ ಅಂಗಡಿಯವನ ವಿಷಯ, ರಿಮೋಟಿನ ವಿಷಯ ಅಂತ ಬಿಟ್ಟುಬಿಡ್ತೀವಿ. ನನ್ನ ತಕರಾರು ಇಲ್ಲೇ ಇರೋದು. ಒಂದು ಕವಿತೆಯ ಪ್ರತಿ ಸಾಲಿನ ಕೊನೆಯ ಪದವನ್ನು ಅಳಿಸಿ ಅಚ್ಚು ಹಾಕಿದ್ರೆ ಅದನ್ನು ಮುದ್ರಣದ ತಾಂತ್ರಿಕ ಸಮಸ್ಯೆ ಅಂತ ಯಾರೂ ಸುಮ್ಮನಿರಲ್ಲ. ಸಿನಿಮಾಕ್ಕೆ ಅದೇ ಆದಾಗ ನಾವು ಚಿಪ್ಸ್ ತಿಂದುಕೊಂಡು ನೋಡ್ತಾ ಇರ್ತೀವಿ.

ಮೊದಲು ಈ ಗೊಂದಲ ಎಲ್ಲಿಂದ ಬಂತು ಅನ್ನೋದನ್ನ ನೋಡೋಣ. ಮಾತು ಬಂದ ಕಾಲದಿಂದ ಬಹಳ ವರ್ಷ ಸಿನಿಮಾದ ಚೌಕಟ್ಟು ಹೆಚ್ಚುಕಡಿಮೆ ಚೌಕಕ್ಕೆ ಹತ್ತಿರ ಇತ್ತು. ಎತ್ತರ 1 ಆದ್ರೆ ಅಗಲ 1.37. ಹಳೆ ಟಿವಿಯ 4:3, ಅಂದ್ರೆ 1.33, ಇದರ ಖಾಸಾ ತಮ್ಮ. ಅಮೆರಿಕದಲ್ಲಿ ಮನೆ ಮನೆಗೆ ಟಿವಿ ಬಂದು ಜನ ಥಿಯೇಟರಿಗೆ ಹೋಗೋದು ಕಡಿಮೆ ಆದಾಗ, ಟಿವಿ ಕೊಡೋಕಾಗದ್ದನ್ನು ನಾವು ಕೊಡ್ತೀವಿ ಅಂತ ಸ್ಟುಡಿಯೋಗಳು ಪರದೆಯನ್ನೇ ಅಗಲ ಮಾಡಿದವು. 1953ರಲ್ಲಿ ‘ದಿ ರೋಬ್’ ಚಿತ್ರದ ಜೊತೆ ಸಿನಿಮಾಸ್ಕೋಪ್ ಬಂತು. ಅದರ ಉಪಾಯ ಸರಳ. ಚಿತ್ರೀಕರಿಸುವಾಗ ವಿಶೇಷ ಲೆನ್ಸ್ ಹಾಕಿ ದೃಶ್ಯವನ್ನು ಅಡ್ಡಕ್ಕೆ ಅರ್ಧದಷ್ಟು ಹಿಂಡಿ ಅದೇ 35 ಎಂ.ಎಂ. ಫಿಲ್ಮಿನ ಮೇಲೆ ಇಳಿಸೋದು. ಪ್ರೊಜೆಕ್ಟರಿನ ಮುಂದೆ ಇನ್ನೊಂದು ಲೆನ್ಸ್ ಇಟ್ಟು ಅದನ್ನು ಮತ್ತೆ ಹಿಗ್ಗಿಸೋದು. ಹಿಂಡಿದ್ದಷ್ಟೇ ಹಿಗ್ಗಿಸಿದರೆ ಚಿತ್ರ ಸರಿಯಾಗಿರುತ್ತೆ. ಇವತ್ತಿನ ಮನೆ ಟಿವಿಯ ಎಷ್ಟೋ ರೋಗಗಳಿಗೆ ಮೂಲ ಇಲ್ಲೇ ಇದೆ: ಯಾರೋ ಹಿಂಡಿದ್ದನ್ನ ಯಾರೂ ಹಿಗ್ಗಿಸಿಲ್ಲ, ಇಲ್ಲವೇ ಯಾರೂ ಹಿಂಡದೆ ಇದ್ದದ್ದನ್ನ ಯಾರೋ ಹಿಗ್ಗಿಸಿದ್ದಾರೆ.

ಭಾರತದಲ್ಲಿ ಗುರುದತ್ತರ ‘ಕಾಗಜ್ ಕೆ ಫೂಲ್’ 1959ರಲ್ಲಿ ಸಿನಿಮಾಸ್ಕೋಪ್‌ನಲ್ಲಿ ಬಂತು. ಕನ್ನಡಕ್ಕೆ ಅದು ಬಂದದ್ದು 1977ರ ‘ಸೊಸೆ ತಂದ ಸೌಭಾಗ್ಯ’ದಲ್ಲಿ. ಈ ಇಸವಿಯನ್ನು ಸ್ವಲ್ಪ ಗಮನ ಇಟ್ಟು ನೋಡಿ. ನಾವು ಕನ್ನಡ ಚಿತ್ರರಂಗದ ಸುವರ್ಣ ಕಾಲ ಅಂತ ಕರೆಯೋ ಬಹುಪಾಲು ಸಿನಿಮಾಗಳು ಅದಕ್ಕಿಂತ ಹಿಂದಿನವು. ‘ಗೆಜ್ಜೆಪೂಜೆ’, ‘ಸಂಸ್ಕಾರ’, ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’, ‘ನಾಗರಹಾವು’ ಎಲ್ಲವೂ ಆ ಹಳೆಯ, ಚೌಕಕ್ಕೆ ಹತ್ತಿರದ ಚೌಕಟ್ಟಿನ ಕಾಲದವು. ಅಂದ್ರೆ ನಮ್ಮ ಅತ್ಯುತ್ತಮ ಆಸ್ತಿಯೇ ಇವತ್ತಿನ ಟಿವಿಗೆ ಹೊಂದದ ಆಕಾರದಲ್ಲಿದೆ.

ಹಾಗಾದ್ರೆ ಇವತ್ತಿನ ಟಿವಿಯ ಆಕಾರ ಯಾವ ಸಿನಿಮಾಕ್ಕೆ ಹೊಂದುತ್ತೆ? ನಿಜ ಹೇಳಬೇಕಂದ್ರೆ ಥಿಯೇಟರಿಗಂತ ತೆಗೆದ ಯಾವುದಕ್ಕೂ ಪೂರ್ತಿ ಹೊಂದಲ್ಲ. 1980ರ ದಶಕದಲ್ಲಿ ಹೈ ಡೆಫಿನಿಷನ್ ಟಿವಿಯ ಚರ್ಚೆ ನಡೀತಿದ್ದಾಗ ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರ್, ಬಳಕೆಯಲ್ಲಿದ್ದ ಎಲ್ಲ ಚೌಕಟ್ಟುಗಳನ್ನೂ ಒಂದೇ ವಿಸ್ತೀರ್ಣದ ಆಯತಗಳನ್ನಾಗಿ ಬರೆದು, ನಡುವನ್ನು ಹೊಂದಿಸಿ ಒಂದರ ಮೇಲೊಂದು ಇಟ್ಟ. ಎಲ್ಲವನ್ನೂ ಒಳಗೊಳ್ಳುವ ಹೊರಗಿನ ಆಯತದ ಅನುಪಾತ ಸುಮಾರು 1.77 ಬಂತು. ಎಲ್ಲಕ್ಕೂ ಸಾಮಾನ್ಯವಾದ ಒಳಗಿನ ಆಯತದ್ದೂ ಅಷ್ಟೇ ಬಂತು. ಅದೇ 16:9. ಕ್ಯಾಲ್ಕುಲೇಟರ್ ಇದ್ರೆ ನೀವೂ ಮಾಡಬಹುದು: 1.33 ಮತ್ತು 2.35 ಗುಣಿಸಿ ವರ್ಗಮೂಲ ತೆಗೀರಿ. ಒಟ್ಟಿನಲ್ಲಿ 16:9 ಅನ್ನೋದು ಒಂದು ರಾಜಿ ಸೂತ್ರ. ಹಳೆ ಚಿತ್ರಕ್ಕೂ ಸ್ವಲ್ಪ ನಷ್ಟ, ಸ್ಕೋಪ್ ಚಿತ್ರಕ್ಕೂ ಸ್ವಲ್ಪ ನಷ್ಟ.

ಆ ನಷ್ಟವೇ ಕಪ್ಪು ಪಟ್ಟಿ. 55 ಇಂಚಿನ ಟಿವಿ ತಗೊಳ್ಳಿ. ಪರದೆ ಸುಮಾರು 122 ಸೆಂ.ಮೀ. ಅಗಲ, 68.5 ಸೆಂ.ಮೀ. ಎತ್ತರ. 2.39 ಅನುಪಾತದ ಇವತ್ತಿನ ಸಿನಿಮಾ ಹಾಕಿದ್ರೆ ಚಿತ್ರದ ಎತ್ತರ 51 ಸೆಂ.ಮೀ.; ಮೇಲೆ ಕೆಳಗೆ ಒಂಬತ್ತೊಂಬತ್ತು ಸೆಂ.ಮೀ. ಕಪ್ಪು. 4:3ರ ಹಳೆ ಸಿನಿಮಾ ಹಾಕಿದ್ರೆ ಚಿತ್ರದ ಅಗಲ 91 ಸೆಂ.ಮೀ.; ಎಡಬಲ ಹದಿನೈದು ಹದಿನೈದು ಸೆಂ.ಮೀ. ಕಪ್ಪು. ಎರಡರಲ್ಲೂ ಹೆಚ್ಚುಕಡಿಮೆ ಪರದೆಯ ಕಾಲು ಭಾಗ ಖಾಲಿ. ಪವರ್ಸ್ ಸಾಹೇಬರ ಲೆಕ್ಕ ಅಷ್ಟು ನ್ಯಾಯವಾಗಿದೆ!

ಇಲ್ಲೇ ನಮ್ಮ ಮಧ್ಯಮ ವರ್ಗದ ಮನಸ್ಸು ಅಡ್ಡ ಬರುತ್ತೆ. ಅರವತ್ತು ಸಾವಿರ ಕೊಟ್ಟು ತಂದ ಟಿವಿಯಲ್ಲಿ ಕಾಲು ಭಾಗ ಕಪ್ಪಾಗಿ ಕೂತಿದ್ರೆ ಹೊಟ್ಟೆ ಉರಿಯುತ್ತೆ. ಸೈಟು ತಗೊಂಡು ಸೆಟ್‌ಬ್ಯಾಕ್ ಬಿಡೋಕೆ ಮನಸ್ಸು ಬರದೆ ಕಾಂಪೌಂಡಿನವರೆಗೂ ಗೋಡೆ ಕಟ್ಟೋ ಜನ ನಾವು. ಕಾಸು ಕೊಟ್ಟ ಜಾಗ, ತುಂಬಲೇಬೇಕು. ಟಿವಿ ಕಂಪನಿಗಳಿಗೂ ಚಾನೆಲ್‌ಗಳಿಗೂ ಈ ಮನಸ್ಸು ಚೆನ್ನಾಗಿ ಗೊತ್ತು. ಅದಕ್ಕೇ ರಿಮೋಟಿನಲ್ಲಿ ತುಂಬಿಸೋಕೆ ನಾಲ್ಕೈದು ದಾರಿ ಇಟ್ಟಿದ್ದಾರೆ.

ತುಂಬಿಸುವ ದಾರಿಗಳಲ್ಲಿ ಎರಡು ಜಾತಿ. ಒಂದು ಹಿಗ್ಗಿಸೋದು, ಇನ್ನೊಂದು ಕತ್ತರಿಸೋದು. ಈ ವ್ಯತ್ಯಾಸ ಒಂದನ್ನ ತಲೆಯಲ್ಲಿಟ್ಟುಕೊಂಡ್ರೆ ಮಿಕ್ಕಿದ್ದೆಲ್ಲ ಸುಲಭ.

ಹಿಗ್ಗಿಸಿದಾಗ ಚಿತ್ರದಲ್ಲಿದ್ದದ್ದು ಎಲ್ಲವೂ ಇರುತ್ತೆ, ಆದರೆ ವಿಕಾರವಾಗಿರುತ್ತೆ. ಪತ್ತೆ ಹಚ್ಚೋದು ಹೇಗೆ? ದುಂಡಗಿನ ವಸ್ತು ಹುಡುಕಿ. ನಮ್ಮ ಸಿನಿಮಾಗಳಲ್ಲಿ ಅದಕ್ಕೇನು ಬರ: ಹಣೆಯ ಕುಂಕುಮ, ಎತ್ತಿನ ಗಾಡಿ ಚಕ್ರ, ಊಟದ ತಟ್ಟೆ, ಗೋಡೆ ಗಡಿಯಾರ, ಬೆನ್ನು ತಿರುಗಿಸಿದ ಹೆಂಗಸಿನ ತುರುಬು. ಕುಂಕುಮ ಅಡ್ಡಕ್ಕೆ ಹರಡಿದ್ರೆ ಚಿತ್ರ ಹಿಗ್ಗಿದೆ ಅಂತ ಅರ್ಥ. ಕೆಲವು ಟಿವಿಗಳಲ್ಲಿ ಇದರದ್ದೇ ಒಂದು ಕಿಲಾಡಿ ರೂಪ ಇದೆ. ‘ವೈಡ್ ಝೂಮ್’, ‘ಪನೋರಮಾ’ ಅಂತ ಏನೇನೋ ಹೆಸರು. ಅದು ನಡುವಿನ ಭಾಗವನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟು ಅಂಚುಗಳನ್ನು ಮಾತ್ರ ಜೋರಾಗಿ ಹಿಗ್ಗಿಸುತ್ತೆ. ನಡುವೆ ನಿಂತ ನಾಯಕ ಸರಿಯಾಗೇ ಕಾಣ್ತಾನೆ. ಆದರೆ ಕ್ಯಾಮೆರಾ ಪಕ್ಕಕ್ಕೆ ಸರಿದಾಗ, ಅಂಚಿನಲ್ಲಿ ದಪ್ಪಗಿದ್ದ ಮರ ನಡುವೆ ಬಂದು ಸಣ್ಣಗಾಗಿ, ಮತ್ತೊಂದು ಅಂಚಿಗೆ ಹೋಗಿ ಮತ್ತೆ ದಪ್ಪಗಾಗುತ್ತೆ. ತಲೆ ಸುತ್ತು ಬಂದ ಹಾಗಿರುತ್ತೆ, ಕಾರಣ ಗೊತ್ತಾಗಲ್ಲ.

ಕತ್ತರಿಸಿದಾಗ ಉಳಿದದ್ದು ಸರಿಯಾದ ಆಕಾರದಲ್ಲೇ ಇರುತ್ತೆ. ಕುಂಕುಮ ದುಂಡಗೆ ಇರುತ್ತೆ, ಚಕ್ರ ದುಂಡಗೆ ಇರುತ್ತೆ. ಹಾಗಾಗಿ ಯಾರಿಗೂ ಅನುಮಾನ ಬರಲ್ಲ. ಆದರೆ 4:3ರ ಚಿತ್ರವನ್ನು 16:9 ಮಾಡಿದಾಗ ಎತ್ತರದ ಕಾಲು ಭಾಗ ಹೋಗಿರುತ್ತೆ. ನೆತ್ತಿ ಹಾರಿದ ತಲೆಗಳು, ಗಲ್ಲಕ್ಕೆ ಹತ್ತಿದ ಚೌಕಟ್ಟಿನ ಅಂಚು, ಪಾದ ಕಾಣದ ನೃತ್ಯ, ಕೆಳಗಿನ ಸಾಲು ಅರ್ಧ ಮಾಯವಾದ ಟೈಟಲ್ ಕಾರ್ಡು. ಲಕ್ಷಣ ಇವೇ.

ಹಿಗ್ಗಿಸಿದ್ದನ್ನು ಮನೆಯಲ್ಲೇ ವಾಸಿ ಮಾಡಬಹುದು. ಮೂಲದಲ್ಲೇ ಕತ್ತರಿಸಿದ್ದಕ್ಕೆ ಮದ್ದಿಲ್ಲ. ಇದೇ ಈ ಲೇಖನದ ಸಾರಾಂಶ ಅಂದುಕೊಳ್ಳಿ.

ಮದ್ದಿನ ವಿಷಯಕ್ಕೆ ಬರೋಣ. ಸಿನಿಮಾ ನಿಮ್ಮ ಕಣ್ಣಿಗೆ ಬೀಳೋ ಮೊದಲು ಮೂರ್ನಾಲ್ಕು ಕೈ ದಾಟಿ ಬರುತ್ತೆ. ಫೈಲು ಅಥವಾ ಚಾನೆಲ್, ಅದಾದ ಮೇಲೆ ಸೆಟ್‌ಟಾಪ್ ಬಾಕ್ಸ್ ಅಥವಾ ಪ್ಲೇಯರ್, ಇದ್ದರೆ ನಡುವೆ ಒಂದು ಆಂಪ್ಲಿಫೈಯರ್, ಕೊನೆಗೆ ಟಿವಿ. ಇದರಲ್ಲಿ ಪ್ರತಿಯೊಬ್ಬನಿಗೂ ಆಕಾರ ಬದಲಿಸೋ ಅಧಿಕಾರ ಇದೆ, ಒಬ್ಬನು ಮಾಡಿದ್ದು ಇನ್ನೊಬ್ಬನಿಗೆ ಗೊತ್ತಿರಲ್ಲ. ಸರ್ಕಾರಿ ಕಚೇರಿ ಫೈಲಿನ ಥರ. ಹಾಗಾಗಿ ಮೊದಲ ನಿಯಮ: ಟಿವಿಯ ಕೈ ಕಟ್ಟಿಹಾಕಿ. ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ರೇಷಿಯೋ ಅನ್ನೋ ಕಡೆ ‘16:9’ ಅಥವಾ ‘ಒರಿಜಿನಲ್’ ಇಡಿ. ಝೂಮ್, ಆಟೋ ವೈಡ್ ಇಂಥದ್ದೆಲ್ಲ ಆಫ್ ಮಾಡಿ. ಆಮೇಲೆ ಸೆಟ್‌ಟಾಪ್ ಬಾಕ್ಸಿನ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿ ‘ಫುಲ್’ ಅಥವಾ ‘ಸ್ಟ್ರೆಚ್’ ಇದ್ದರೆ ತೆಗೆದು, ಪಟ್ಟಿ ಉಳಿಸಿಕೊಳ್ಳುವ ಆಯ್ಕೆ ಹಾಕಿ. ಅದರ ಹೆಸರು ‘ಪಿಲ್ಲರ್‌ಬಾಕ್ಸ್’, ‘ಲೆಟರ್‌ಬಾಕ್ಸ್’, ‘ಆಟೋ’ ಏನಾದರೂ ಇರಬಹುದು. ಹಳೆ ಡಿವಿಡಿ ಪ್ಲೇಯರ್ ಇನ್ನೂ ಇಟ್ಟುಕೊಂಡಿರುವ ಪುಣ್ಯಾತ್ಮರು ಅದರ ಒಳಗಿನ ಟಿವಿ ಟೈಪ್ ‘4:3’ ಅಂತ ಉಳಿದುಬಿಟ್ಟಿದೆಯಾ ನೋಡಿ. ಹತ್ತು ಹದಿನೈದು ವರ್ಷದ ಹಿಂದೆ ಡಬ್ಬಾ ಟಿವಿಗೆ ಅಂತ ಇಟ್ಟದ್ದು ಹಾಗೇ ಇರುತ್ತೆ.

ಎರಡನೇದು, ಅಂಚು ನುಂಗೋ ರೋಗ. ಸುದ್ದಿ ಚಾನೆಲ್ಲಿನ ಕೆಳಗಿನ ಪಟ್ಟಿ ಅರ್ಧ ಕಾಣಲ್ಲ, ಮೂಲೆಯಲ್ಲಿರೋ ಲೋಗೋ ಗೋಡೆಗೆ ಒರಗಿದೆ ಅಂದ್ರೆ ಅದು ಓವರ್‌ಸ್ಕ್ಯಾನ್. ಡಬ್ಬಾ ಟಿವಿಗಳಲ್ಲಿ ಚಿತ್ರದ ಅಂಚು ನೇರ ಇರ್ತಿರಲಿಲ್ಲ ಅಂತ ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿ ಅಂಚನ್ನು ಚೌಕಟ್ಟಿನ ಹಿಂದೆ ಮುಚ್ಚಿಡ್ತಿದ್ರು. ಡಬ್ಬಾ ಹೋಯ್ತು, ಚಾಳಿ ಉಳೀತು. ಇದರಿಂದ ಅಂಚು ಹೋಗೋದಷ್ಟೇ ಅಲ್ಲ, ಚಿತ್ರವನ್ನು ಮತ್ತೆ ಹಿಗ್ಗಿಸಿದ್ದಕ್ಕೆ ಒಟ್ಟು ಸ್ಪಷ್ಟತೆಯೂ ಮಂಕಾಗುತ್ತೆ. ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಫಿಟ್ ಟು ಸ್ಕ್ರೀನ್’, ಸೋನಿಯಲ್ಲಿ ಡಿಸ್‌ಪ್ಲೇ ಏರಿಯಾ ಕೆಳಗೆ ‘ಫುಲ್ ಪಿಕ್ಸೆಲ್’. ಹೆಸರು ಬೇರೆ ಬೇರೆ, ಕೆಲಸ ಒಂದೇ: ಬಂದ ಚಿತ್ರವನ್ನು ಬಂದ ಹಾಗೇ ತೋರಿಸು ಅಂತ. ನಿಮ್ಮ ಟಿವಿಯಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಇನ್ನೂ ಸುಲಭ. 2019ರಲ್ಲಿ ಯುಎಚ್‌ಡಿ ಅಲಯನ್ಸ್ ಘೋಷಿಸಿದ ಈ ಮೋಡ್ ಆಕಾರವನ್ನೂ ಬಣ್ಣವನ್ನೂ ಮೂಲದ ಹಾಗೇ ಬಿಟ್ಟು, ಸಿನಿಮಾವನ್ನು ಧಾರಾವಾಹಿ ಥರ ನುಣ್ಣಗೆ ಮಾಡೋ ಮೋಷನ್ ಸ್ಮೂತಿಂಗ್ ಅನ್ನೂ ಆಫ್ ಮಾಡುತ್ತೆ. ಒಂದೇ ಕಲ್ಲಿಗೆ ಎರಡು ಹಕ್ಕಿ.

ಮೂರನೇದು, ನಾಲ್ಕೂ ಕಡೆ ಕಪ್ಪು. ದೊಡ್ಡ ಪರದೆ ನಡುವೆ ಅಂಚೆ ಚೀಟಿ ಥರ ಸಿನಿಮಾ ಕೂತಿರುತ್ತೆ. ಸ್ಕೋಪ್ ಸಿನಿಮಾವನ್ನು ಹಳೆ ಕಾಲದಲ್ಲಿ ಮೇಲೆ ಕೆಳಗೆ ಪಟ್ಟಿ ಸಮೇತ 4:3 ಒಳಗೆ ಮುದ್ರಿಸಿ, ಅದನ್ನು ಈಗ 16:9 ಒಳಗೆ ಎಡಬಲ ಪಟ್ಟಿ ಸಮೇತ ಕೂರಿಸಿದ ಫಲ ಇದು. ಹಳೆ ವಿಸಿಡಿ, ಡಿವಿಡಿಗಳಿಂದ ಎತ್ತಿದ ಪ್ರತಿಗಳಲ್ಲಿ ಇದು ಸಾಮಾನ್ಯ. ಇಲ್ಲಿ ಮಾತ್ರ ಟಿವಿಯ ‘ಝೂಮ್’ ಧಾರಾಳವಾಗಿ ಒತ್ತಿ. ಕತ್ತರಿ ಬೀಳೋದು ಕಪ್ಪು ಪಟ್ಟಿಗೆ, ಚಿತ್ರಕ್ಕಲ್ಲ. ಆ ಬಟನ್ ಇಟ್ಟಿದ್ದೇ ಇದಕ್ಕೆ. ನಾವು ಬಳಸೋದು ಮಿಕ್ಕ ಎಲ್ಲದಕ್ಕೆ.

ನಾಲ್ಕನೇದು ತುಂಬಾ ಮುಖ್ಯ, ಯಾಕಂದ್ರೆ ಹಳೆ ಕನ್ನಡ ಸಿನಿಮಾಗಳಿಗೆ ಜಾಸ್ತಿ ಬಂದಿರೋದು ಇದೇ. ಅಪ್‌ಲೋಡ್ ಮಾಡಿದವರೇ ಚಿತ್ರವನ್ನು ಹಿಗ್ಗಿಸಿ 16:9 ಫೈಲ್ ಮಾಡಿಬಿಟ್ಟಿರುತ್ತಾರೆ. ನಿಮ್ಮ ಟಿವಿ, ಬಾಕ್ಸು ಎಲ್ಲ ಸರಿಯಾಗಿದ್ದರೂ ಅಣ್ಣಾವ್ರು ದಪ್ಪ. ಆಗ ಟಿವಿಯಲ್ಲಿ ‘4:3’ ಒತ್ತಿ. ಹಿಗ್ಗಿದ್ದು ಕುಗ್ಗಿ ಮೂಲದ ಆಕಾರಕ್ಕೆ ವಾಪಸ್ ಬರುತ್ತೆ. ಕೆಲವು ಟಿವಿಗಳ ಒಳಗಿನ ಆಪ್‌ಗಳಲ್ಲಿ ಈ ಆಯ್ಕೆ ಮಂಕಾಗಿ, ಒತ್ತೋಕೆ ಬಾರದ ಹಾಗಿರುತ್ತೆ. ಅಂಥ ಕಡೆ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ತಂತಿಯಲ್ಲಿ ಸಿಕ್ಕಿಸಿ ನೋಡಿ. ಫೈಲೇ ನಿಮ್ಮ ಹತ್ತಿರ ಇದ್ದರೆ ಕಂಪ್ಯೂಟರಿನ ವಿಎಲ್‌ಸಿಯಲ್ಲಿ ‘ಎ’ ಕೀಲಿ ಒತ್ತುತ್ತಾ ಹೋದ್ರೆ ಒಂದೊಂದೇ ಅನುಪಾತ ಬರುತ್ತೆ, 4:3ಕ್ಕೆ ನಿಲ್ಲಿಸಿ. ‘ಸಿ’ ಒತ್ತಿದ್ರೆ ಕತ್ತರಿಸೋ ಆಯ್ಕೆಗಳು. ಗೊಂದಲ ಮಾಡ್ಕೋಬೇಡಿ.

ಫೋನಿನಲ್ಲಿ ನೋಡೋರಿಗೂ ಒಂದು ಮಾತು. ಮೆಟ್ರೋದಲ್ಲಿ ನೋಡಿದ್ರೆ ಎಲ್ಲರೂ ಎರಡು ಬೆರಳಲ್ಲಿ ಹಿಗ್ಗಿಸಿ ಪರದೆ ತುಂಬಿಸ್ತಾರೆ. ಇವತ್ತಿನ ಫೋನುಗಳು ಸಾಮಾನ್ಯವಾಗಿ 20:9. ಮೇಲೆ ಕೆಳಗೆ ಪಟ್ಟಿ ಇರೋ ಸ್ಕೋಪ್ ಸಿನಿಮಾ ಆದ್ರೆ ಹಾಗೆ ಹಿಗ್ಗಿಸಿದಾಗ ಹೋಗೋದು ಕಪ್ಪು ಮಾತ್ರ, ನಷ್ಟ ಇಲ್ಲ. ಅದೇ 16:9ರ ವೆಬ್ ಸರಣಿಯೋ 4:3ರ ಹಳೆ ಸಿನಿಮಾವೋ ಆದ್ರೆ ಎತ್ತರದಲ್ಲಿ ಕಡಿಮೆ ಅಂದ್ರೂ ಐದನೇ ಒಂದು ಭಾಗ ಹೋಯ್ತು ಅಂತಲೇ. ಬೆರಳು ಅದೇ, ಪರಿಣಾಮ ಬೇರೆ.

ಪ್ರೊಜೆಕ್ಟರ್ ತಂದವರ ಕತೆ ಇನ್ನೊಂದು ಥರ. ಟೀಪಾಯಿ ಮೇಲಿಟ್ಟು, ಕೆಳಗೆ ಎರಡು ಪುಸ್ತಕ ಕೊಟ್ಟು ಮೂತಿ ಮೇಲೆತ್ತಿದ್ರೆ ಗೋಡೆ ಮೇಲೆ ಚಿತ್ರ ಮೇಲ್ಗಡೆ ಅಗಲ, ಕೆಳಗಡೆ ಸಣ್ಣ. ಆಗ ಪ್ರೊಜೆಕ್ಟರೇ ‘ಕೀಸ್ಟೋನ್’ ಅಂತ ಸರಿ ಮಾಡಿಕೊಡುತ್ತೆ. ಆದರೆ ಅದು ಮಾಡೋದು ಚಿತ್ರವನ್ನು ತನ್ನೊಳಗೇ ಉಲ್ಟಾ ವಕ್ರ ಮಾಡಿ, ಇರೋ ಪಿಕ್ಸೆಲ್‌ಗಳಲ್ಲಿ ಒಂದಿಷ್ಟನ್ನು ಬಿಸಾಕೋದು. ಚಿತ್ರ ಮಬ್ಬಾಗುತ್ತೆ, ಪ್ರಮಾಣವೂ ತಪ್ಪಬಹುದು. ಲೆನ್ಸ್ ಗೋಡೆಗೆ ನೇರ ಇರೋ ಹಾಗೆ ಜಾಗ ಹುಡುಕೋದು, ಲೆನ್ಸ್ ಶಿಫ್ಟ್ ಇದ್ದರೆ ಅದನ್ನು ಬಳಸೋದು, ಕೀಸ್ಟೋನ್ ಸೊನ್ನೆಗೆ ಇಡೋದು ಒಳ್ಳೇದು. ಪಟ್ಟಿಗಳು ಕಪ್ಪಾಗದೆ ಬೂದು ಬಣ್ಣಕ್ಕೆ ಹೊಳೀತಿದ್ರೆ ಅಷ್ಟು ಜಾಗಕ್ಕೆ ಕಪ್ಪು ವೆಲ್ವೆಟ್ ಬಟ್ಟೆ ತೂಗುಹಾಕಿ. ಹಳೆ ಟಾಕೀಸುಗಳಲ್ಲಿ ಸಿನಿಮಾಕ್ಕೆ ತಕ್ಕ ಹಾಗೆ ಪರದೆಯ ಪಕ್ಕದ ಕಪ್ಪು ಬಟ್ಟೆ ಸರೀತಿದ್ದದ್ದು ಇದಕ್ಕೇ.

ಇಷ್ಟೂ ರಿಪೇರಿ ಆಯ್ತು. ಈಗ ರಿಪೇರಿಯಾಗದ್ದರ ಬಗ್ಗೆ.

ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರದ್ದು. ಅದರಲ್ಲಿ ಚಿತ್ರದುರ್ಗ ಬರೀ ಲೊಕೇಷನ್ ಅಲ್ಲ, ಪಾತ್ರ. ಕೋಟೆ ಅಂದ್ರೇನು? ಎತ್ತರ. ಬಂಡೆ ಮೇಲೆ ಬಂಡೆ, ಅದರ ಮೇಲೆ ಬುರುಜು, ಕೆಳಗೆ ಕಿಂಡಿ. ಓಬವ್ವನಾಗಿ ಜಯಂತಿ ಒನಕೆ ಎತ್ತಿ ನಿಂತಾಗ ಆ ನಿಲುವಿನ ಶಕ್ತಿ ಪೂರ್ತಿ ಮೇಲೆ ಕೆಳಗಿನ ರೇಖೆಯಲ್ಲಿದೆ: ಮೇಲೆ ಎತ್ತಿದ ಒನಕೆ, ಕೆಳಗೆ ಕಿಂಡಿಯಿಂದ ತೂರಿ ಬರುವ ತಲೆ. ಚೌಕಕ್ಕೆ ಹತ್ತಿರದ ಚೌಕಟ್ಟು ಇಂಥದ್ದಕ್ಕೆ ಹೇಳಿ ಮಾಡಿಸಿದ್ದು. ಇದರ ಮೇಲಿಂದ ಕೆಳಗಿಂದ ಕಾಲು ಭಾಗ ತೆಗೀರಿ. ಒಂದೋ ಒನಕೆ ಹೋಗುತ್ತೆ, ಇಲ್ಲ ಕಿಂಡಿ ಹೋಗುತ್ತೆ. ಹಿಗ್ಗಿಸಿದ್ರೋ, ಓಬವ್ವ ಕುಳ್ಳಾಗ್ತಾಳೆ, ಕೋಟೆ ದಿಬ್ಬ ಆಗುತ್ತೆ. ಯಾವ ರೀತಿಯಲ್ಲಿ ಹೋದರೂ ಪುಟ್ಟಣ್ಣ ತೆಗೆದ ಶಾಟ್ ಅದಲ್ಲ.

ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದ್ದು, ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಛಾಯಾಗ್ರಹಣ. ಕೊನೆಗೆ ಬಹಿಷ್ಕೃತಳಾದ ಯಮುನಕ್ಕನನ್ನು ಹುಡುಗ ನಾಣಿ ನೋಡೋದು ಬೋಳಿಸಿದ ತಲೆಯಲ್ಲಿ, ಒಂದು ಮರದ ಕೆಳಗೆ. ಇಡೀ ಸಿನಿಮಾ ನಮ್ಮನ್ನು ತಂದು ನಿಲ್ಲಿಸೋದು ಆ ತಲೆಯ ಮುಂದೆ. ಅಂಥ ಸಿನಿಮಾದಲ್ಲಿ ನೆತ್ತಿ ಎಲ್ಲಿ ಮುಗಿಯುತ್ತೆ, ಅದರ ಮೇಲೆ ಎಷ್ಟು ಖಾಲಿ ಇದೆ, ಮರ ಅವಳಿಗಿಂತ ಎಷ್ಟು ದೊಡ್ಡದು ಅನ್ನೋದೆಲ್ಲ ಅಲಂಕಾರ ಅಲ್ಲ, ಅರ್ಥ. 2024ರಲ್ಲಿ ಈ ಚಿತ್ರದ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಲ್ಪಟ್ಟಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕೋರ್ಸೇಸಿಯ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಮಾಡಿದ ಕೆಲಸ ಅದು. ಪುನರುಜ್ಜೀವನ ಅಂದ್ರೆ ಗೀರು ಒರೆಸೋದು, ದೂಳು ತೆಗೆಯೋದು ಮಾತ್ರ ಅಲ್ಲ. ಚೌಕಟ್ಟನ್ನು ಇದ್ದ ಹಾಗೇ ಉಳಿಸೋದು ಅದರ ಮೊದಲ ಮರ್ಯಾದೆ. ಹಾಗೆ ಜೋಪಾನ ಮಾಡಿದ್ದನ್ನು ನಾವು ಮನೆಯಲ್ಲಿ ರಿಮೋಟ್ ಒತ್ತಿ ಕೆಡಿಸೋದಾದ್ರೆ ಅಷ್ಟೆಲ್ಲ ಶ್ರಮ ಯಾಕೆ?

ಇದರ ಎದುರಿಗೆ ಇನ್ನೊಂದು ಬಗೆಯ ‘ಹೊಸತು ಮಾಡುವ’ ಕೆಲಸ ಇಡಿ. ತೆಲುಗಿನ ‘ಮಾಯಾಬಜಾರ್’ 1957ರದ್ದು. 2010ರಲ್ಲಿ ಅದಕ್ಕೆ ಬಣ್ಣ ಹಚ್ಚಿ, ಸಿನಿಮಾಸ್ಕೋಪ್ ಆಕಾರಕ್ಕೆ ಬದಲಿಸಿ ಬಿಡುಗಡೆ ಮಾಡಿದ್ರು. ಕನ್ನಡದಲ್ಲೂ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಹಚ್ಚಿಕೊಂಡು ಬಂದವು. ಬಣ್ಣ ಹಚ್ಚೋದು ಸರಿಯೋ ತಪ್ಪೋ ಅಂತ ಎಲ್ಲ ಕಡೆ ಜಗಳ ಆಗುತ್ತೆ. ಆಕಾರದ ಬಗ್ಗೆ ಅಷ್ಟು ಜಗಳ ನಾನು ಕೇಳಿಲ್ಲ. ಬಣ್ಣ ಬೇಡ ಅಂದ್ರೆ ಟಿವಿಯಲ್ಲಿ ಕಲರ್ ಸೊನ್ನೆಗೆ ಇಳಿಸಿ ಕಪ್ಪು ಬಿಳುಪಿನ ಹತ್ತಿರಕ್ಕಾದರೂ ಬರಬಹುದು. ಆದರೆ 1.37ರ ಚಿತ್ರವನ್ನು ಬರೀ ಕತ್ತರಿಸಿ 2.35 ಮಾಡಿದ್ರೆ ಎತ್ತರದಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಹೋಗುತ್ತೆ. ಅದನ್ನು ಯಾವ ರಿಮೋಟೂ ವಾಪಸ್ ತರಲ್ಲ. ಬಣ್ಣಕ್ಕಿಂತ ಇದು ದೊಡ್ಡ ಪ್ರಶ್ನೆ ಅನ್ನೋದು ನನ್ನ ವಾದ.

ಇದು ನಮ್ಮ ಊರಿನ ಬಡತನ ಮಾತ್ರ ಅಂದ್ಕೋಬೇಡಿ. 2021ರಲ್ಲಿ ‘ಸೈನ್‌ಫೆಲ್ಡ್’ ನೆಟ್‌ಫ್ಲಿಕ್ಸಿಗೆ ಬಂದಾಗ 4:3ರ ಸರಣಿಯನ್ನು 16:9ಕ್ಕೆ ಕತ್ತರಿಸಿದ್ರು. ರಸ್ತೆ ಗುಂಡಿ ಬಗ್ಗೆಯೇ ಇರೋ ಒಂದು ಕಂತಿನಲ್ಲಿ ಗುಂಡಿಯೇ ಚೌಕಟ್ಟಿನ ಹೊರಗೆ ಹೋಯ್ತು. ಬೆಂಗಳೂರಿನವರಾದ ನಮಗೆ ಅದು ವರ ಅನ್ನಿಸಬಹುದು, ಆದರೆ ನಗೆಹನಿ ಸತ್ತುಹೋಯ್ತಲ್ಲ! ‘ದಿ ಸಿಂಪ್ಸನ್ಸ್’ಗೂ ಡಿಸ್ನಿ ಪ್ಲಸ್‌ನಲ್ಲಿ ಹೀಗೇ ಆಗಿತ್ತು. ವೀಕ್ಷಕರು ಗಲಾಟೆ ಮಾಡಿದ್ರು, 2020ರಲ್ಲಿ ಮೂಲ ಆಕಾರದಲ್ಲಿ ನೋಡುವ ಆಯ್ಕೆ ಬಂತು. ಗಲಾಟೆಗೆ ಬೆಲೆ ಇದೆ ಅನ್ನೋದಕ್ಕೆ ಈ ಉದಾಹರಣೆ ಸಾಕು.

ಒಂದೆರಡು ಆಕ್ಷೇಪ ಬರುತ್ತೆ, ಗೊತ್ತು. ಪಟ್ಟಿ ಹಾಗೇ ಬಿಟ್ಟರೆ ಪರದೆಯಲ್ಲಿ ಅಚ್ಚಾಗಿ ಉಳಿಯಲ್ವಾ? ಪ್ಲಾಸ್ಮಾ ಕಾಲದ ಭಯ ಅದು. ಎಲ್‌ಸಿಡಿ, ಎಲ್‌ಇಡಿ ಟಿವಿಗಳಿಗೆ ಆ ಚಿಂತೆ ಇಲ್ಲ. ಓಎಲ್‌ಇಡಿ ಇಟ್ಟವರು ಕೂಡ ವಾರಕ್ಕೆರಡು ಹಳೆ ಸಿನಿಮಾಕ್ಕೆ ಹೆದರಬೇಕಿಲ್ಲ. ಇಡೀ ದಿನ ಒಂದೇ ಸುದ್ದಿ ಚಾನೆಲ್ಲಿನ ಲೋಗೋ ಉರಿಸೋದು ಹೆಚ್ಚು ಅಪಾಯ, ಟಿವಿಗೂ ತಲೆಗೂ. ಇನ್ನೊಂದು ಆಕ್ಷೇಪ: ಅಪ್ಪ ಅಮ್ಮನಿಗೆ ತುಂಬಿದ ಪರದೆಯೇ ಇಷ್ಟ, ನೋಡ್ಕೊಳ್ಳಲಿ ಬಿಡಿ. ಖಂಡಿತ ನೋಡ್ಕೊಳ್ಳಲಿ. ಅವರು ಈ ಸಿನಿಮಾಗಳನ್ನು ಟಾಕೀಸಿನಲ್ಲಿ ಸರಿಯಾದ ಆಕಾರದಲ್ಲಿ ನೋಡಿದವರು. ಅವರ ನೆನಪಿನಲ್ಲಿ ರಾಜ್‌ಕುಮಾರ್ ತೆಳ್ಳಗೇ ಇದ್ದಾರೆ, ಟಿವಿ ಏನೇ ತೋರಿಸಲಿ ಕಣ್ಣು ತಿದ್ದಿಕೊಳ್ಳುತ್ತೆ. ನಮಗೆ ಆ ನೆನಪಿಲ್ಲ. ನಮಗಿಂತ ಚಿಕ್ಕವರಿಗಂತೂ ಇವೆಲ್ಲ ಮೊದಲ ಸಲ ಸಿಗೋದೇ ಯೂಟ್ಯೂಬಿನಲ್ಲಿ. ಅವರ ಪಾಲಿಗೆ ಹಿಗ್ಗಿದ ಚಿತ್ರವೇ ಮೂಲ ಚಿತ್ರ. ‘ಹಳೆ ಕನ್ನಡ ಸಿನಿಮಾ ಅಂದ್ರೆ ಒಂಥರಾ ಕಾಮಿಡಿಯಾಗಿ ಕಾಣುತ್ತೆ’ ಅಂತ ಆಫೀಸಿನಲ್ಲಿ ಕಿರಿಯ ಸಹೋದ್ಯೋಗಿಯೊಬ್ಬ ಹೇಳಿದಾಗ ನನಗೆ ಕೋಪ ಬರಲಿಲ್ಲ. ಅವನು ನೋಡಿದ ಪ್ರತಿ ನಿಜಕ್ಕೂ ಕಾಮಿಡಿಯಾಗೇ ಇತ್ತು. ಕುಳ್ಳ ಮೈಕಟ್ಟು, ಚಪ್ಪಟೆ ಮುಖ, ಅಗಲವಾದ ಕಾರು. ಅದರಲ್ಲಿ ಯಾವ ಗಾಂಭೀರ್ಯ ಉಳಿಯುತ್ತೆ? ನಟನೊಬ್ಬನ ಮೈಯೇ ಅವನ ಭಾಷೆ. ಅದರ ಪ್ರಮಾಣ ಕೆಡಿಸಿದ ಮೇಲೆ ಅವನ ನಟನೆ ಬಗ್ಗೆ ತೀರ್ಪು ಕೊಡೋ ಹಕ್ಕು ಯಾರಿಗೂ ಇರಲ್ಲ.

ಹಾಗಾಗಿ ನನ್ನ ದೂರು ಮುಖ್ಯವಾಗಿ ಹಕ್ಕು ಇಟ್ಟುಕೊಂಡಿರುವವರ ಮೇಲೆ. ನೂರಾರು ಕನ್ನಡ ಚಿತ್ರಗಳ ಹಕ್ಕು ಕೊಂಡು, ಅಧಿಕೃತ ಚಾನೆಲ್ ಅಂತ ಹೆಸರಿಟ್ಟು, ‘ಎಚ್‌ಡಿ’ ಅಂತ ಚೀಟಿ ಅಂಟಿಸಿ, ಹಿಗ್ಗಿಸಿದ ಪ್ರತಿ ಹಾಕುವವರು. ಸರಿಯಾದ ಆಕಾರದಲ್ಲಿ ಹಾಕೋಕೆ ಅವರಿಗೆ ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ. ಹಿಗ್ಗಿಸದೆ ಬಿಟ್ಟರೆ ಸಾಕು, ಪಟ್ಟಿ ತಾನಾಗೇ ಬರುತ್ತೆ. ಸಿನಿಮಾದ ಕೆಳಗೆ ಇಸವಿ, ನಿರ್ದೇಶಕ, ಸಂಗೀತ ಅಂತ ಬರೆಯುವಾಗ ಛಾಯಾಗ್ರಾಹಕನ ಹೆಸರು ಮತ್ತು ಮೂಲ ಅನುಪಾತ ಅಂತ ಇನ್ನೊಂದು ಸಾಲು ಸೇರಿಸಿದ್ರೆ ಯಾರ ಗಂಟೂ ಹೋಗಲ್ಲ. ವಿಮರ್ಶಕರೂ ಅಷ್ಟೇ. ಹಳೆ ಸಿನಿಮಾ ಬಗ್ಗೆ ಬರೆಯುವಾಗ ಯಾವ ಪ್ರತಿ ನೋಡಿ ಬರೆದಿರಿ, ಅದು ಯಾವ ಆಕಾರದಲ್ಲಿತ್ತು ಅಂತ ಒಂದು ವಾಕ್ಯ ಬರೀರಿ. ಪುಸ್ತಕ ವಿಮರ್ಶೆಯಲ್ಲಿ ಯಾವ ಆವೃತ್ತಿ ಅಂತ ಹೇಳಲ್ವಾ, ಹಾಗೆ.

ನಮ್ಮ ಪಾಲಿನ ಕೆಲಸ ಇನ್ನೂ ಸಣ್ಣದು. ಮುಂದಿನ ಸಲ ಹಳೆ ಸಿನಿಮಾ ಹಾಕಿದಾಗ ಮೊದಲ ಎರಡು ನಿಮಿಷ ಕತೆ ಬಿಟ್ಟು ಕುಂಕುಮ ನೋಡಿ, ಚಕ್ರ ನೋಡಿ, ನೆತ್ತಿ ನೋಡಿ. ದುಂಡಗಿಲ್ಲದಿದ್ರೆ 4:3 ಒತ್ತಿ. ನೆತ್ತಿ ಹಾರಿದ್ರೆ ಬೇರೆ ಪ್ರತಿ ಹುಡುಕಿ, ಸಿಗದಿದ್ರೆ ಹಾಕಿದವರಿಗೆ ಎರಡು ಸಾಲು ಬರೆದು ಕೇಳಿ. ಎಡಬಲದ ಆ ಹದಿನೈದು ಸೆಂ.ಮೀ. ಕಪ್ಪಿಗೆ ಕಣ್ಣು ಒಗ್ಗೋಕೆ ಒಂದು ರೀಲು ಸಾಕು. ಅಷ್ಟರಲ್ಲಿ ಕತೆ ನಿಮ್ಮನ್ನ ಒಳಗೆ ಕರೆದುಕೊಂಡಿರುತ್ತೆ, ಅಣ್ಣಾವ್ರೂ ತಮ್ಮ ಮೈಕಟ್ಟಿಗೆ ವಾಪಸ್ ಬಂದಿರ್ತಾರೆ.